ತವರೂರಿಗೆ ಸೊಸೆಯಾದ ದಿನ

ಕೊರೋನಾ ಬರುವುದಕ್ಕೆ ಹಿಂದಿನ ವರ್ಷದ ಶ್ರಾವಣ. ಆ ವರ್ಷ ಮಳೆ ಹೇಗೆ ಹೊಡೆಯಿತು ಎಂಬುದನ್ನು ನಮ್ಮ ಧಾರವಾಡ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದೆ. ದಿನ ತುಂಬಲು ಇನ್ನೂ ಸಮಯವಿತ್ತು.

ನನ್ನ ತವರು ಕಲಘಟಗಿ ತಾಲೂಕಿನಲ್ಲಿ, ಬೇಡ್ತಿ ಹೊಳೆಯ ದಂಡೆಯ ಮೇಲಿದೆ. ಊರ ಹೆಸರು ಬರೆಯುವುದಿಲ್ಲ. ಬರೆದರೆ ರಿಸಾರ್ಟಿನವರಿಗೆ ಪುಕ್ಕಟೆ ಜಾಹೀರಾತು ಕೊಟ್ಟಂತಾಗುತ್ತದೆ. ನಾನು ಚಿಕ್ಕವಳಿದ್ದಾಗ ಅದು ದುಮ್ಮವಾಡದ ಸಂತೆಗೆ ಹೋಗುವವರಿಗೆ ಮಾತ್ರ ಗೊತ್ತಿದ್ದ ಊರು. ಈಗ ಅಲ್ಲಿ ಎರಡು ರಿಸಾರ್ಟುಗಳಿವೆ, ಬೇಲಿಗೊಂದರಂತೆ ಹೋಮ್‌ಸ್ಟೇಗಳಿವೆ. ಶನಿವಾರ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿ ಕಡೆಯ ಕಾರುಗಳು ಸಾಲುಹಚ್ಚಿ ನಿಲ್ಲುತ್ತವೆ. ಗಿರಮಿಟ್ಟು ಮಾರುವ ಗೂಡಂಗಡಿಗೂ "ಫೋರ್ಟ್ ವ್ಯೂ" ಎಂದು ಬೋರ್ಡು ಹಾಕಿದ್ದಾರೆ. ಬರುವವರೆಲ್ಲ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ಆಮೇಲೆ ಕೋಟೆ ನೋಡಲು ಹೋಗುತ್ತಾರೆ.

ಕೋಟೆ ಎಂದರೆ ಬಹಳ ದೊಡ್ಡದನ್ನು ಕಲ್ಪಿಸಿಕೊಳ್ಳಬೇಡಿ. ಯಾವುದೋ ಕಾಲದ ಯಾವನೋ ನಾಯಕ ಕಟ್ಟಿಸಿದ ಕಲ್ಲು ಮಣ್ಣಿನ ಗೋಡೆ, ಅರ್ಧ ಬಿದ್ದಿರುವ ನಾಲ್ಕು ಬುರುಜುಗಳು. ಊರಿನ ಹಳೆಯ ಮನೆಗಳೆಲ್ಲ ಇರುವುದು ಆ ಗೋಡೆಯ ಒಳಗೇ. ಒಳಗೆ ಹೋಗಲು ರಸ್ತೆಯ ಕಡೆಗೆ ಒಂದು ಅಗಸಿ, ಊರ ಹೆಬ್ಬಾಗಿಲು. ಹಿಂದಿನ ಗೋಡೆಯಲ್ಲಿ ಒಂದು ಸಣ್ಣ ದಿಡ್ಡಿ ಬಾಗಿಲಿದ್ದು, ಅದರಿಂದ ಇಳಿದರೆ ಹೊಳೆ. ಹೊಳೆಯ ದಂಡೆ ಹಿಡಿದು, ಗೋಡೆಯನ್ನು ಬಳಸಿ ರಸ್ತೆಗೆ ಬರುವ ಕಾಲುದಾರಿಯೂ ಇದೆ. ಆ ಕಾಲುದಾರಿಗೆ ನಮ್ಮೂರಲ್ಲಿ ಹೆಣ್ಣುಮಕ್ಕಳ ದಾರಿ ಎನ್ನುತ್ತಾರೆ.

ಕಾರಣ ಹೀಗಿದೆ. ಆ ನಾಯಕನಿಗೆ ಒಬ್ಬ ಮಗ, ಒಬ್ಬ ಮಗಳು. ಮಗಳನ್ನು ಆಗದವರ ಊರಿಗೇ ಕೊಟ್ಟಿದ್ದರು, ಹಾಗಾದರೂ ಜಗಳ ನಿಲ್ಲಲಿ ಎಂದು. ಅವಳು ಪಂಚಮಿಗೆ ತವರಿಗೆ ಬಂದಳು. ಬಂದವಳು ಗಂಡನ ಮಾತು ಕೇಳಿ ಅಗಸಿಯ ಅಗಳಿ ತೆಗೆದಳು. ಗಂಡನ ಕಡೆಯವರು ನುಗ್ಗಿದರು. ಅಣ್ಣ ಅಗಸಿಯಲ್ಲೇ ನಿಂತು ಹೊಡೆದಾಡಿ ಸತ್ತ. ಸಾಯುವಾಗ, ಇನ್ನು ಮುಂದೆ ಕೊಟ್ಟ ಹೆಣ್ಣು ಈ ಬಾಗಿಲು ಹಾಯಬಾರದು, ಹಾಯ್ದರೆ ಅವಳ ತವರಿನ ಗಂಡುಮಗ ಉಳಿಯುವುದಿಲ್ಲ ಎಂದನಂತೆ. ಅಗಸಿಯ ಒಳಗೆ ಎಡಕ್ಕೆ ಒಂದು ಸವೆದ ವೀರಗಲ್ಲಿದೆ. ಅಣ್ಣನ ಕಲ್ಲು ಅಂತ ಕರೆಯುತ್ತಾರೆ.

ರಿಸಾರ್ಟಿನವರು ಈ ಕತೆಯನ್ನು ತಮಗೆ ಬೇಕಾದಂತೆ ಹೊಲಿದುಕೊಂಡಿದ್ದಾರೆ. ಅವರ ಗೈಡ್ ಹೇಳುವ ಪ್ರಕಾರ ರಾಜಕುಮಾರಿ ಗೆಜ್ಜೆ ಕಟ್ಟಿಕೊಂಡು ಈಗಲೂ ಜೋಕಾಲಿ ಆಡುತ್ತಾಳೆ. ಬಂದವರಿಗೆ ಅದೇ ಇಷ್ಟ. ಆದರೆ ನಮಗೆ ಗೆಜ್ಜೆಯ ತಂಟೆ ಇಲ್ಲ, ನಮಗಿರುವುದು ಬಾಗಿಲಿನ ತಂಟೆ. ಮದುವೆಯ ದಿನ ಹೆಣ್ಣು ಅಗಸಿಯಿಂದ ಹೊರಗೆ ಹೋದರೆ ಅದೇ ಕೊನೆ. ಆಮೇಲೆ ಬಂದರೂ ಹೋದರೂ ಹೊಳೆದಾರಿ. ಸೊಸೆಯರಿಗೆ ಈ ಕಟ್ಟು ಇಲ್ಲ. ಅವರು ಮದುವೆಯಾಗಿ ಬಂದ ದಿನ ಅಣ್ಣನ ಕಲ್ಲಿಗೆ ಅರಿಸಿನ ಹಚ್ಚಿ ಅಗಸಿಯಿಂದಲೇ ಒಳಗೆ ಬರುತ್ತಾರೆ, ಮುಂದೆ ತಮ್ಮ ಮನಸ್ಸಿಗೆ ಬಂದಂತೆ ಓಡಾಡುತ್ತಾರೆ. ಶ್ರಾವಣದಲ್ಲಿ ಹೊಳೆದಾರಿ ಮುಳುಗುವುದರಿಂದ ನಮ್ಮೂರ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರುವುದಿಲ್ಲ. ಬೇರೆ ಊರವರು ಕೇಳಿದರೆ ನಗುತ್ತಾರೆ. ನಮಗೆ ಉಂಡಿ, ಅಳ್ಳು ಎಲ್ಲ ಅಣ್ಣತಮ್ಮಂದಿರೇ ಗಂಡನ ಮನೆಗೆ ತಂದುಕೊಡುತ್ತಾರೆ.

ನಾನು ಅಣ್ಣಿಗೇರಿಯಲ್ಲಿ ಶಾಲೆಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಇಂಥ ಕತೆಗಳನ್ನು ನಾನು ನಂಬುತ್ತೇನೆಯೇ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಆದರೂ ಕಾರಹುಣ್ಣಿವೆ ಮುಗಿದ ಮೇಲೆ, ಹೊಳೆಯಲ್ಲಿ ನೀರು ಪಾದ ಮುಳುಗುವಷ್ಟೂ ಇಲ್ಲದಾಗ, ಹೊಟ್ಟೆ ಹೊತ್ತುಕೊಂಡು ಹೊಳೆದಾರಿಯಿಂದಲೇ ತವರಿಗೆ ಬಂದೆ. ಮಳೆ ಜೋರಾಗುವ ಮೊದಲು ಹುಬ್ಬಳ್ಳಿಯ ನೆಂಟರ ಮನೆಗೆ ಹೋಗಿ ಇರುವುದೆಂದು ಮಾತಾಗಿತ್ತು. ಮಳೆ ಯಾರ ಮಾತನ್ನೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಅವ್ವ, ತಮ್ಮ ಬಸು ಇಬ್ಬರೇ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಬಸು ರಿಸಾರ್ಟಿನ ಜೀಪು ಓಡಿಸುತ್ತಾನೆ. ಅವನ ಬಗ್ಗೆ ಒಂದು ಮಾತು ಹೇಳಬೇಕು. ಅವನಿಗಿಂತ ಮೊದಲು ಹುಟ್ಟಿದ ಗಂಡು ಕೂಸು ಉಳಿದಿರಲಿಲ್ಲ. ಹೀಗಾಗಿ ಇವನು ಸೀನಿದರೂ ಅವ್ವ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ನಾನು ಬಿದ್ದು ಮೊಣಕಾಲು ಒಡೆದುಕೊಂಡರೆ ಮಾತ್ರ, "ಎದ್ದ ಬಾರ ಬೇ, ಏನಾಗೂದಿಲ್ಲ" ಎನ್ನುತ್ತಿದ್ದಳು. ಇದನ್ನು ದೂರಾಗಿ ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ.

ಅಗಸಿಗೆ ಅಂಟಿಕೊಂಡ ಮನೆ ನೀಲವ್ವನದು. ಗಂಡ ಸತ್ತವಳು, ಮಕ್ಕಳಿಲ್ಲ. ಸಂಜೆ ಅಣ್ಣನ ಕಲ್ಲಿನ ಮುಂದೆ ದೀಪ ಇಡುವ ಕೆಲಸ ಅವಳ ಮನೆತನದ್ದು. ಅವಳ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಒಂದೇ ಗೋಡೆ. ನಮ್ಮ ಬಚ್ಚಲ ನೀರು ಆ ಗೋಡೆಯ ಕೆಳಗೆ ಹರಿದು ಅವಳ ಹಿತ್ತಲಿಗೆ ಹೋಗುತ್ತಿತ್ತು. ಈ ನೀರಿನ ಸಲುವಾಗಿ ಅವ್ವನೂ ಅವಳೂ ಮಾತು ಬಿಟ್ಟು ಎಷ್ಟು ಕಾಲವಾಗಿತ್ತೋ, ನಾನು ಹೈಸ್ಕೂಲು ಮುಗಿಸುವ ಮೊದಲೇ ಬಿಟ್ಟಿದ್ದರು. ನೇರವಾಗಿ ಮಾತಿಲ್ಲ. ಗೋಡೆಯ ಈಚೆ ನಿಂತು ಕೋಳಿಗೆ ಬೈದಂತೆ ಇವಳು ಬೈಯುವುದು, ಆಚೆ ನಿಂತು ಬೆಕ್ಕಿಗೆ ಬೈದಂತೆ ಅವಳು ಬೈಯುವುದು. ಕೋಳಿ ಬೆಕ್ಕುಗಳ ಹಣೆಬರಹ ಅದು.

ನನಗೆ ನೋವು ಕಾಣಿಸಿಕೊಂಡ ದಿನ ನಮ್ಮ ಮನೆಯವರು ನನ್ನನ್ನು ನೋಡಲು ಬಂದಿದ್ದರು. ಅವರಿಗೆ ಅಣ್ಣಿಗೇರಿಯಲ್ಲಿ ಬೀಜ ಗೊಬ್ಬರದ ಅಂಗಡಿಯಲ್ಲಿ ಕೆಲಸ. ಮಾತು ಕಡಿಮೆ. ಹಾಲು ಕುಡಿಯುವ ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡು ದೊಡ್ಡಪ್ಪನ ಮನೆಯಲ್ಲಿ ಬೆಳೆದವರು. ಬೆಳಗಿನ ರೊಟ್ಟಿ ತಿಂದು ಎದ್ದೆ ಅಷ್ಟೇ, ನೀರಿನ ಚೀಲ ಒಡೆಯಿತು. ಹಿಂದೆಯೇ ನೋವು. ಆಶಾ ಕಾರ್ಯಕರ್ತೆ ಶೋಭಾ ಅಗಸಿಯ ಹೊರಗಿನ ಮನೆಯಿಂದ ಓಡಿ ಬಂದಳು. ಹೊಟ್ಟೆ ಮುಟ್ಟಿ ನೋಡಿದವಳ ಮುಖ ಸಣ್ಣದಾಯಿತು.

"ಕೂಸು ಅಡ್ಡ ಐತ್ರಿ. ಇಲ್ಲಿ ಆಗು ಮಾತಲ್ಲ. ಈಗಿಂದೀಗ ದವಾಖಾನಿಗೆ ಹೊಂಡ್ರಿ. ತಡಾ ಆದ್ರ ಇಬ್ಬರೂ ಕೈಬಿಡ್ತಾರ" ಎಂದಳು.

ಹೊಳೆದಾರಿ ಇರಲಿಲ್ಲ. ದಿಡ್ಡಿ ಬಾಗಿಲಿನ ಕೊನೆಯ ಮೆಟ್ಟಿಲವರೆಗೆ ಕೆಂಪು ನೀರು ಬಂದಿತ್ತು. ಬಸು ಜೀಪು ತಂದು ಅಗಸಿಯ ಹೊರಗೆ ನಿಲ್ಲಿಸಿದ. ಒಳಗೆ ತರಲು ಬರುವುದಿಲ್ಲ, ಬುರುಜಿನ ಕಲ್ಲು ಕುಸಿದು ಅಗಸಿಯಲ್ಲಿ ಬೈಕು ಹಾಯುವಷ್ಟೇ ಜಾಗ ಉಳಿದಿದೆ. ಎಲ್ಲರೂ ನನ್ನನ್ನು ಹೊರಸಿನ ಮೇಲೆ ಮಲಗಿಸಿ ಮೇಲೆ ತಾಡಪತ್ರಿ ಹಿಡಿದು ಅಗಸಿಯ ತನಕ ತಂದರು. ಅಲ್ಲಿಗೆ ನಿಂತರು.

ಹಿಂದೆ ಹೀಗೆ ಆಗಿರಲಿಲ್ಲವೇ ಎಂದು ನೀವು ಕೇಳಬಹುದು. ಆಗಿರಬಹುದು. ಅಂಥವರ ಕತೆಯನ್ನು ನಮ್ಮೂರಲ್ಲಿ ಯಾರೂ ಹೇಳುವುದಿಲ್ಲ.

ಅಗಸಿಯ ಮುಂದಿನ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಅವರಲ್ಲಿ ಫಕ್ಕೀರಜ್ಜ ಎಲ್ಲರಿಗಿಂತ ದೊಡ್ಡವನು. ಊರಿನ ಕಟ್ಟುಪಾಡಿನ ವಿಷಯದಲ್ಲಿ ಅವನ ಮಾತು ನಡೆಯುತ್ತದೆ. ಒಬ್ಬರು, "ನೆಲಕ್ಕ ಕಾಲು ಹತ್ತಬಾರದು ಅಷ್ಟ. ಹೊರಸಿನ ಮ್ಯಾಲ ಒಯ್ದ್ರ ನಡೀತೈತಿ" ಎಂದರು. ಇನ್ನೊಬ್ಬರು, "ಜೀವಂತ ಇರೂ ಹುಡುಗೀನ ಹೆಣದಂಗ ಒಯ್ಯಾಕ ಬರತೈತೇನ್ರಿ?" ಎಂದರು. ಯಾರೋ ಗೋಡೆಯನ್ನೇ ಒಡೆಯೋಣ ಎಂದರು. ಗೋಡೆಯ ಮೇಲೆ ಪುರಾತತ್ವ ಇಲಾಖೆಯವರ ನೀಲಿ ಬೋರ್ಡಿದೆ, ಮುಟ್ಟಿದರೆ ಜೈಲು ಎಂದು ಮತ್ತೊಬ್ಬರು ನೆನಪಿಸಿದರು. ರಿಸಾರ್ಟಿನ ರಬ್ಬರ್ ದೋಣಿ ತರಲೇ ಎಂದು ಒಬ್ಬ ಕೇಳಿದ. ಆ ನೀರಿನಲ್ಲಿ ಅದು ಯಲ್ಲಾಪುರದ ಕಡೆಗೆ ಹೋಗಿ ನಿಲ್ಲುತ್ತಿತ್ತು. ನಾನು ಇದನ್ನೆಲ್ಲ ಕೇಳುತ್ತ ಮಲಗಿದ್ದೆ. ನೋವಿನ ನಡುವೆಯೂ ನನಗೆ ನಗು ಬಂದದ್ದು ನೆನಪಿದೆ.

ಬಸು ಅಗಸಿಯ ಆಚೆಯಿಂದ ಒಳಗೆ ಓಡಿ ಬಂದ. "ಯಕ್ಕಾ, ಬಾ. ನನಗೇನೂ ಆಗೂದಿಲ್ಲ. ಲೇ, ಎತ್ತರಿಲೇ ಹೊರಸು!" ಎಂದು ಗೆಳೆಯರಿಗೆ ಕೂಗಿದ. ನಮ್ಮ ಮನೆಯವರೂ ಹೊರಸಿಗೆ ಕೈ ಹಾಕಿದರು.

ಆಗ ನಾನೇ "ಬ್ಯಾಡ" ಎಂದೆ.

ಇದನ್ನು ಬರೆಯುವಾಗ ನನಗೇ ಆಶ್ಚರ್ಯವಾಗುತ್ತದೆ. ನಾನು ವಿಜ್ಞಾನದ ಟೀಚರ್. ಆದರೆ ಎದುರಿಗೆ ನಿಂತವನು ನನ್ನ ತಮ್ಮ, ತಲೆಯಿಂದ ಮಳೆನೀರು ಸುರಿಯುತ್ತಿತ್ತು. ನಾಳೆ ಅವನ ಜೀಪು ಎಲ್ಲಾದರೂ ಜಾರಿದರೆ ಏನು ಗತಿ ಎಂಬ ಒಂದೇ ವಿಚಾರ ತಲೆಯಲ್ಲಿ ಬಂತು. ಅದು ಬಂದ ಮೇಲೆ ಹೋಗಲಿಲ್ಲ.

ನಾನು ಅವ್ವನ ಕಡೆ ನೋಡಿದೆ. ಅವಳು ಒಂದು ಮಾತು ಹೇಳಿದರೆ ಸಾಕಿತ್ತು. "ಹೋಗವಾ" ಎಂದಿದ್ದರೆ ಹೋಗುತ್ತಿದ್ದೆ. ಅವ್ವ ಬಸುವನ್ನು ನೋಡಿದಳು. ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ತಿರುಗಿ ಮನೆಯ ಕಡೆಗೆ ನಡೆದುಬಿಟ್ಟಳು.

ಅವಳ ಬೆನ್ನು ಕಂಡಿತು, ಆಮೇಲೆ ಮನೆಯ ಬಾಗಿಲು ಮುಚ್ಚಿದ್ದು ಕಂಡಿತು. ಆ ಹೊತ್ತಿನಲ್ಲಿ ಹೆರಿಗೆಯ ನೋವಿಗಿಂತ ಅದೇ ಹೆಚ್ಚಾಗಿತ್ತು. ಸರಿ, ಅವ್ವ ಆರಿಸಿಕೊಂಡಳು ಎಂದುಕೊಂಡೆ.

ಎಷ್ಟು ಹೊತ್ತು ಕಳೆಯಿತೋ ಗೊತ್ತಿಲ್ಲ, ಹೆಚ್ಚೇನೂ ಆಗಿರಲಿಕ್ಕಿಲ್ಲ. ನೀಲವ್ವನ ಮನೆಯ ಬಾಗಿಲು ದಡಾರನೆ ತೆರೆಯಿತು. ಅವಳು ಕೈಯಲ್ಲಿ ಮೊರ ಹಿಡಿದುಕೊಂಡು ಬಂದಳು. ಮೊರದಲ್ಲಿ ಅಕ್ಕಿ, ಸಕ್ಕರೆ, ತೆಂಗಿನಕಾಯಿ, ಅರಿಸಿನದ ಬಟ್ಟಲು, ಎಲ್ಲೋ ಪೆಟ್ಟಿಗೆಯ ತಳದಿಂದ ತೆಗೆದ ಕುಪ್ಪಸದ ಖಣ. ಜನರನ್ನು ಮೊಣಕೈಯಿಂದ ಸರಿಸಿಕೊಂಡು ಸೀದಾ ನಮ್ಮ ಮನೆಯವರ ಮುಂದೆ ನಿಂತಳು.

"ತಮ್ಮಾ, ನಿನಗ ಅವ್ವ ಇಲ್ಲಂತಲ್ಲ?"

"ಇಲ್ರಿ" ಎಂದರು ಇವರು.

"ನನಗ ಮಗ ಇಲ್ಲ. ಕುಂದರು ಇಲ್ಲೆ."

ಇವರಿಗೆ ಏನೂ ತಿಳಿಯಲಿಲ್ಲ. ನನ್ನ ಕಡೆ ನೋಡಿದರು, ಆಮೇಲೆ ಕೆಸರಿನಲ್ಲೇ ಮೊಣಕಾಲೂರಿ ಕೂತರು. ನೀಲವ್ವ ತಾನೂ ಕೂತು ಸೆರಗು ಹಾಸಿ ಅವರ ತಲೆಯನ್ನು ತನ್ನ ಉಡಿಯಲ್ಲಿ ಹಾಕಿಕೊಂಡಳು. ದಪ್ಪ ಮೀಸೆಯ ಗಂಡಸು, ಊರ ಮಂದಿಯ ಎದುರು, ಮುದುಕಿಯ ಉಡಿಯಲ್ಲಿ ತಲೆಯಿಟ್ಟು ಕೂತಿದ್ದಾರೆ. ಬಾಯಿಗೆ ಸಕ್ಕರೆ ಹಾಕಿದಳು. ಎದ್ದು ನಿಂತು ಫಕ್ಕೀರಜ್ಜನಿಗೆ ಕೇಳುವಂತೆ ಹೇಳಿದಳು:

"ಎಲ್ಲಾರೂ ಕೇಳ್ರಿ. ಇಂವ ಇವತ್ತಿಂದ ನನ್ನ ಮಗ. ಇಕಿ ನನ್ನ ಸೊಸಿ. ಈ ಊರ ಸೊಸಿ ಅಗಸ್ಯಾಗ ಹಾಯಾಕ ಯಾರ ಅಪ್ಪಣಿ ಬೇಕ್ರಿ?"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಫಕ್ಕೀರಜ್ಜ ತಂಬಾಕಿನ ಬಾಯಿ ಖಾಲಿ ಮಾಡಿ, "ನಿನಗ ಹಿಂಗ ಮಾಡಂತ ಯಾರರ ಹೇಳಿಕೊಟ್ಟಾರೇನು?" ಎಂದು ಕೇಳಿದ.

"ನನಗ ಹೇಳಿಕೊಡು ಮಂದಿ ಈ ಊರಾಗ ಇನ್ನೂ ಹುಟ್ಟಿಲ್ಲ" ಎಂದಳು ನೀಲವ್ವ.

ಅಜ್ಜ ತಲೆಯಾಡಿಸಿದ. "ಬರೋಬರಿ ಐತಿ. ಸೊಸಿಗೆ ಅಡ್ಡಿ ಇಲ್ಲ. ಉಡಿ ತುಂಬ್ರಿ."

ನೀಲವ್ವ ಗಂಡ ಸತ್ತವಳಾದ್ದರಿಂದ ತಾನೇ ಉಡಿ ತುಂಬಲು ಹಿಂಜರಿದಳು. ಮೊರವನ್ನು ಶೋಭಾಳ ಕೈಗೆ ಕೊಟ್ಟಳು. ಶೋಭಾ ಕೈಗೆ ಹಾಕಿಕೊಂಡಿದ್ದ ಗ್ಲೋವ್ಸ್ ತೆಗೆಯದೇ ನನ್ನ ಉಡಿಗೆ ಅಕ್ಕಿ, ಕಾಯಿ ಹಾಕಿದಳು. ನನ್ನ ಬೆರಳನ್ನು ಅರಿಸಿನದಲ್ಲಿ ಅದ್ದಿ ಅಣ್ಣನ ಕಲ್ಲಿಗೆ ಹಚ್ಚಿಸಿದರು. ಕಲ್ಲು ತಣ್ಣಗಿತ್ತು. ಹೊರಸು ಎದ್ದಿತು. ಅಗಸಿಯ ಮಾಡಿನಲ್ಲಿ ಪಾರಿವಾಳಗಳು ಮಳೆಗೆ ಮುದುರಿ ಕೂತಿದ್ದವು. ಅದರಡಿಯಲ್ಲಿ ಹಾಯ್ದು ಹೊರಗೆ ಬಂದೆವು. ಜೀಪಿನಲ್ಲಿ ಹತ್ತಿಸುವಾಗ ಅವ್ವ ಎಲ್ಲಿಂದಲೋ ಬಂದು ಹಿಂದೆ ಹತ್ತಿ ಕೂತಳು. ನಾನು ಅವಳ ಕಡೆ ನೋಡಲಿಲ್ಲ.

ಕಲಘಟಗಿಯಲ್ಲಿ ನೋಡಿ ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಹೆಣ್ಣು ಕೂಸು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಬಸು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸಣ್ಣ ಹುಡುಗನಂತೆ ಅತ್ತನಂತೆ. ಅವ್ವ ಕುಂಟುತ್ತ ಓಡಾಡುತ್ತಿದ್ದಳು. ಮೊಣಕಾಲ ಕೆಳಗೆ ಅರಿವೆ ಸುತ್ತಿಕೊಂಡಿದ್ದಳು. ಏನಾಯಿತು ಎಂದು ನರ್ಸ್ ಕೇಳಿದ್ದಕ್ಕೆ, "ಮಳಿಯಾಗ ಜಾರಿದ್ನಿ" ಎಂದಳು. ನಾನು ಕೇಳಲಿಲ್ಲ.

ನೀಲವ್ವ ಆಸ್ಪತ್ರೆಗೆ ಅಂಟಿನ ಉಂಡಿಯ ಡಬ್ಬಿ ಹಿಡಿದುಕೊಂಡು ಬಂದಳು. ನನ್ನ ಮಂಚದ ಮೇಲೆ ಅಗಲವಾಗಿ ಕೂತಳು. ನರ್ಸ್ "ನೀವು ಯಾರ್ರಿ?" ಎಂದು ಕೇಳಿದರೆ, "ಅತ್ತಿ ಅದೀನಿ. ಖಾಸಾ ಅತ್ತಿ" ಎಂದಳು. ಅವ್ವ ಎದ್ದು ಕುರ್ಚಿ ಬಿಟ್ಟುಕೊಟ್ಟು, "ಬರ್ರಿ ಬೀಗತೀರ, ಆರಾಮ್ರಿ?" ಎಂದಳು. ಬಚ್ಚಲ ನೀರಿನ ಜಗಳ ಹಾಗೆ ಮುಗಿಯಿತು. ನಾನು ಬಾಣಂತನಕ್ಕೆ ಊರಿಗೆ ಬರುವಷ್ಟರಲ್ಲಿ ನಮ್ಮ ಬಚ್ಚಲ ಗಟಾರ ಬೇರೆ ಕಡೆ ತಿರುಗಿತ್ತು.

ಹೆಸರಿಡುವ ದಿನ ಕೂಸಿಗೆ ನೀಲಾಂಬಿಕಾ ಎಂದು ಇಡೋಣ ಎಂದೆ. ನಮ್ಮ ಮನೆಯವರು ಒಪ್ಪಿದರು. ಅವ್ವನ ಹೆಸರು ಶಾಂತವ್ವ. ಮೊದಲು ಹುಟ್ಟಿದ್ದು ಹೆಣ್ಣಾದರೆ ಅವ್ವನ ಹೆಸರಿಡುತ್ತೇನೆ ಎಂದು ಬಸುರಿ ಇದ್ದಾಗ ನಾನೇ ಹೇಳಿದ್ದೆ. ಅವ್ವ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು. ತೊಟ್ಟಿಲು ತೂಗಿದಳು.

ಅಗಸಿಯ ಮುಂದಿನ ಗಡಿಬಿಡಿಯಲ್ಲಿ ಆಡಿದ ಮಾತು ಅಲ್ಲಿಗೇ ಮುಗಿಯುತ್ತದೆ ಎಂದು ನಾವು ತಿಳಿದಿದ್ದೆವು. ನೀಲವ್ವ ಹಾಗೆ ತಿಳಿದಿರಲಿಲ್ಲ. ಅವಳು ಪೂರ್ತಿ ಅತ್ತೆಯಾದಳು. ನಾವು ಊರಿಗೆ ಹೋದರೆ ಮೊದಲು ಅವಳ ಮನೆ, ಆಮೇಲೆ ತವರುಮನೆ. "ಅತ್ತಿ ಮನಿ ಬಿಟ್ಟು ತವರಮನಿ ಹೊಕ್ಕರ ಮಂದಿ ನನಗ ಏನಂತಾರ?" ಎನ್ನುತ್ತಿದ್ದಳು. ನಾನು ತಟ್ಟಿದ ರೊಟ್ಟಿ ದಪ್ಪ, ನಾನು ಒಗೆದ ಬಟ್ಟೆಯಲ್ಲಿ ಸಾಬೂನು ಹಾಗೇ ಇರುತ್ತದೆ, ನಾನು ಅಂಗಳಕ್ಕೆ ಹಾಕಿದ ಸಾರಣೆಯಲ್ಲಿ ಪಟ್ಟೆ ಕಾಣುತ್ತದೆ ಎಂದು ಗೊಣಗುತ್ತಿದ್ದಳು. ಚಹಾಕ್ಕೆ ಮಾತ್ರ ಕೈಬಿಚ್ಚಿ ಸಕ್ಕರೆ ಹಾಕುತ್ತಿದ್ದಳು, ಕುಡಿದರೆ ತುಟಿ ಅಂಟುತ್ತಿತ್ತು. ಮಗನಿಗೆ ಹುರಿದ ಶೇಂಗಾ ಕಟ್ಟಿಡುತ್ತಿದ್ದಳು. ನಮ್ಮ ಮನೆಯವರು ಅವಳನ್ನು ಏನೂ ಅಂತ ಕರೆಯುತ್ತಿರಲಿಲ್ಲ. ಅವ್ವ ಎನ್ನಲು ಅವರಿಗೆ ರೂಢಿ ಇರಲಿಲ್ಲ. ಆದರೆ ತಿಂಗಳಿಗೊಮ್ಮೆ ತಪ್ಪದೇ ಹೋಗಿ ಅವಳ ಮಾಳಿಗೆಯ ಸೋರಿಕೆ, ಕರೆಂಟಿನ ತಂತಿ ನೋಡಿ ಬರುತ್ತಿದ್ದರು.

ಊರಲ್ಲಿಯೂ ಒಂದು ಬದಲಾವಣೆ ಆಯಿತು. ಮಕ್ಕಳಿಲ್ಲದ ಮುದುಕಿಯರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಶ್ರಾವಣ ಬರುವ ಮೊದಲು ಅಳಿಯಂದಿರು ಯಾರ ಉಡಿ ಖಾಲಿ ಇದೆ ಎಂದು ವಿಚಾರಿಸಲು ಶುರುಮಾಡಿದರು.

ಅವ್ವನ ಜೊತೆ ನಾನು ಮಾತು ಬಿಡಲಿಲ್ಲ. ಫೋನು ಮಾಡುತ್ತಿದ್ದೆ, ಸೀರೆ ಕೊಡಿಸುತ್ತಿದ್ದೆ, ಹಬ್ಬಕ್ಕೆ ಕೂಡಿ ಉಣ್ಣುತ್ತಿದ್ದೆವು. ಆದರೆ ತಿರುಗಿ ನಡೆದ ಆ ಬೆನ್ನು ನನ್ನ ಕಣ್ಣಿನಿಂದ ಹೋಗಲಿಲ್ಲ. ಯಾಕೆ ಹೋದೆ ಎಂದು ಕೇಳಲೂ ಇಲ್ಲ. ಕೇಳಿದರೆ ಅವಳು ಸುಳ್ಳು ಹೇಳುವವಳಲ್ಲ, ನಿಜ ಹೇಳಿಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆ ಇತ್ತು.

ಹೋದ ವರ್ಷ ನೀಲವ್ವ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ನಮ್ಮ ಮನೆಯವರು ಅಣ್ಣಿಗೇರಿಗೆ ಕರೆದುಕೊಂಡು ಬಂದರು. ನಮ್ಮ ನಡುಮನೆಯಲ್ಲಿ ಮಲಗಿ, ಅಣ್ಣಿಗೇರಿಯ ಸವಳು ನೀರಿಗೂ ನನ್ನ ರೊಟ್ಟಿಗೂ ಬೈಯುತ್ತ ಇದ್ದಳು. ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತಿದ್ದೆ. ಮಗಳು ನೀಲು ಶಾಲೆಯಿಂದ ಬಂದು ಪಾಟಿಚೀಲ ಎಸೆದು ಆಡಲು ಓಡಿದಳು. ಮುದುಕಿ ಅವಳು ಹೋದ ಕಡೆಯೇ ನೋಡುತ್ತ, "ಕೂಸಿಗೆ ನಿಮ್ಮವ್ವನ ಹೆಸರ ಇಡಬೇಕಾಗಿತ್ತು ನೀ" ಎಂದಳು.

"ಯಾಕ? ನನ್ನ ಅಗಸಿ ದಾಟಿಸಿದಾಕಿ ನೀ ಅಲ್ಲೇನ?"

"ನಾ ಎಲ್ಲಿ ದಾಟಿಸಿದ್ನಿ? ನಾ ಹಿತ್ತಲ ಛಪ್ಪರದಾಗ ಶೇಂಗಾ ಸುಲೀತ ಕುಂತಿದ್ನಿ. ಹೊರಗ ಏನ ಗದ್ದಲ ನಡದೈತಿ ಅಂತನೂ ಗೊತ್ತಿರಲಿಲ್ಲ. ನಿಮ್ಮವ್ವ ಹಿತ್ತಲ ಗ್ವಾಡಿ ಹತ್ತಿ ಈ ಕಡೆ ಜಿಗದ್ಳು. ಗ್ವಾಡಿ ಮ್ಯಾಲಿನ ಗಾಜು ಹತ್ತಿ ಕಾಲಾಗ ರಕ್ತ ಸುರಿಯಾಕ ಹತ್ತಿತ್ತು. ಬಂದಾಕಿನ ನನ್ನ ಕಾಲ ಹಿಡದ್ಳು."

ನನ್ನ ಕೈಯಲ್ಲಿನ ಹಣಿಗೆ ನಿಂತಿತು.

"ನೀಲವ್ವಾ, ನನ್ನ ಅಳಿಯಾನ ನಿನ್ನ ಉಡ್ಯಾಗ ಹಾಕ್ಕೋ, ನನ್ನ ಮಗಳನ್ನ ನಿನ್ನ ಸೊಸಿ ಮಾಡ್ಕೋ, ಅಕಿ ನನ್ನ ಮಗಳಾಗಿ ಉಳೀದಿದ್ರೂ ಅಡ್ಡಿ ಇಲ್ಲ, ಉಳದ್ರ ಸಾಕು ಅಂದ್ಳು. ಅಷ್ಟ ವರ್ಷ ಮಾತ ಬಿಟ್ಟಾಕಿ, ಬಾಯಿ ತುಂಬ ಯವ್ವಾ ಅಂದ್ಳು ನನಗ. ಆ ಉಪಾಯ ಎಲ್ಲಾ ಅಕೀದ. ನನಗ ಎಲ್ಲಿದು ಅಷ್ಟ ತಲಿ?"

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ?"

"ಆಣಿ ತಗೊಂಡಿದ್ಳು. ತವರಮನ್ಯಾರ ಹೂಡಿದ್ದ ಆಟ ಅಂತ ತಿಳದ್ರ ಹಿರ್ಯಾರು ಒಪ್ಪತಿದ್ರೇನ? ನಾನಾಗೇ ಬಂದೀನಿ ಅಂತ ಅನಿಸಬೇಕಾಗಿತ್ತು. ಈಗ ನಾ ಹೊಂಟಾಕಿ. ನನಗ್ಯಾಕ ಅಕೀ ಪಾಲಿನ ಹೆಸರು?"

ಅವಳ ಜಡೆ ಹೆಣೆದು ಮುಗಿಸಿದೆ. ಒಳಗೆ ಹೋಗಿ ನಲ್ಲಿ ಬಿಟ್ಟು, ಆ ಸಪ್ಪಳದಲ್ಲಿ ಅತ್ತುಬಿಟ್ಟೆ. ಫಕ್ಕೀರಜ್ಜ "ಯಾರರ ಹೇಳಿಕೊಟ್ಟಾರೇನು" ಎಂದು ಕೇಳಿದ್ದು ನೆನಪಾಯಿತು. ಅವ್ವ ಕುಂಟುತ್ತ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದದ್ದು ನೆನಪಾಯಿತು.

ಆ ವಾರವೇ ಊರಿಗೆ ಹೋದೆ. ಅವ್ವ ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಏನೇನೋ ಪೀಠಿಕೆ ಹಾಕಬೇಕೆಂದು ದಾರಿಯಲ್ಲಿ ಯೋಚಿಸಿಕೊಂಡು ಬಂದಿದ್ದೆ. ಯಾವುದೂ ಬರಲಿಲ್ಲ. ಸುಮ್ಮನೆ ಅವಳ ಕಾಲ ಬಳಿ ಕೂತು ಸೀರೆ ಸರಿಸಿ ನೋಡಿದೆ. ಮೊಣಕಾಲಿನ ಕೆಳಗೆ ಉದ್ದಕ್ಕೆ ಗಾಯದ ಕಲೆ ಇತ್ತು.

ಅವ್ವನಿಗೆ ತಿಳಿಯಿತು. "ಅಕಿ ಬಾಯಾಗ ಎಳ್ಳು ನೆನಿಯೂದಿಲ್ಲ" ಎಂದಳು.

"ಇಷ್ಟು ವರ್ಷ ನೆನೀತಲ್ಲ ಯವ್ವಾ. ನಾ ನಿನ್ನ ಬಗ್ಗೆ ಏನೇನ ಅನ್ಕೊಂಡಿದ್ನಿ ಗೊತ್ತೇನ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನ ಇದ್ದಿ?"

ಅವ್ವ ಒಂದು ಕಾಯಿ ಬಿಡಿಸಿ ಕಾಳು ಬುಟ್ಟಿಗೆ ಹಾಕಿದಳು. "ಅನ್ಕೊಳ್ಳಾಕ ನೀ ಇದ್ದೆಲ್ಲ. ಬಸೂನೂ ಇದ್ದ. ಇಬ್ಬರೂ ಇದ್ರಿ. ನನಗ ಅಷ್ಟ ಬೇಕಾಗಿತ್ತು. ನೀ ಏನರ ಅನ್ಕೋ ಅಂತ ಬಿಟ್ನಿ."

ಕೂಡಿ ಅವರೆಕಾಯಿ ಬಿಡಿಸಿದೆವು.

ನೀಲವ್ವ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೇ ತೀರಿಕೊಂಡಳು. ಊರಿಗೆ ಒಯ್ದು, ಮಗನಾಗಿ ಮಾಡಬೇಕಾದ್ದನ್ನೆಲ್ಲ ನಮ್ಮ ಮನೆಯವರೇ ಮಾಡಿದರು. ಮಣ್ಣು ಕೊಡುವಾಗ ಅವರ ಬಾಯಿಂದ ಮೊದಲ ಸಲ "ಯವ್ವಾ" ಎಂಬ ಮಾತು ಬಂದಿತು. ಪಕ್ಕದಲ್ಲಿದ್ದ ಬಸುವಿಗೆ ಕೇಳಿಸಿತಂತೆ.

ಈ ಸಲ ಪಂಚಮಿಗೆ ನಾವು ಮೂವರೂ ಊರಿಗೆ ಹೋದೆವು. ಬಸ್ಸಿನಿಂದ ಇಳಿದಾಗ ಮಳೆ ಹನಿಯುತ್ತಿತ್ತು. ಅಗಸಿಯ ಮುಂದೆ ರಿಸಾರ್ಟಿನ ಗೈಡ್ ಒಂದು ಗುಂಪಿಗೆ ಗೆಜ್ಜೆಯ ಕತೆ ಹೇಳುತ್ತಿದ್ದ. ನಾನು ಅಗಸಿಯ ಹತ್ತಿರ ಬಂದು ನಿಂತೆ. ನನ್ನನ್ನು ಸೊಸೆ ಮಾಡಿಕೊಂಡವಳೇ ಇಲ್ಲ. ಈಗ ನಾನು ಈ ಊರಿಗೆ ಯಾರು? ಹೊಳೆದಾರಿಯ ಕಡೆ ನೋಡಿದೆ, ಅದು ನೀರಿನಲ್ಲಿ ಮುಳುಗಿತ್ತು. ನಮ್ಮ ಮನೆಯವರೂ ಚೀಲ ಹಿಡಿದು ನಿಂತರು.

ಆಗ ಅಗಸಿಯ ಒಳಗಿನಿಂದ ಅವ್ವನ ದನಿ ಕೇಳಿಸಿತು. ನೋಡಿದರೆ ನೀಲವ್ವನ ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲು ತೊಳೆದು ರಂಗೋಲಿ ಹಾಕಿತ್ತು. ಅಣ್ಣನ ಕಲ್ಲಿನ ಮುಂದೆ ದೀಪ ಇತ್ತು. ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಕಸಬರಿಗೆ ಹಿಡಿದುಕೊಂಡೇ ಆ ಹೊಸ್ತಿಲಲ್ಲಿ ನಿಂತಿದ್ದಳು.

"ಯಾಕ ಹೊರಗ ನಿಂತೀರಿ? ಬರ್ರಿ. ಮದಲ ಅತ್ತಿ ಮನಿ, ಆಮ್ಯಾಲ ತವರಮನಿ" ಎಂದಳು.

ಒಳಗೆ ಹೋದೆವು. ನೀಲವ್ವನ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ನನ್ನ ಅವ್ವ ಚಹಾಕ್ಕೆ ಸಕ್ಕರೆ ಕಡಿಮೆ ಹಾಕುವವಳು, ಹುಟ್ಟಿದಾಗಿನಿಂದ ನಾನು ಕುಡಿದದ್ದು ಆ ಸಪ್ಪೆ ಚಹಾವನ್ನೇ. ಅಂದು ಅವಳು ಕೊಟ್ಟ ಚಹಾ ಕುಡಿದರೆ ತುಟಿ ಅಂಟುವಷ್ಟು ಸಿಹಿಯಾಗಿತ್ತು. ನಾನು ಒಂದೇ ಒಂದು ಹನಿಯನ್ನೂ ಬಿಡದೆ ಕುಡಿದೆ.